ಐದನೆಯ ಕಿಟಕಿಗೆ ಎಷ್ಟು ಬಟ್ಟೆ

ಈಚೆಗೆ ನನಗೊಂದು ಚಟ ಹತ್ತಿದೆ. ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವುದಕ್ಕಿಂತ ಮೊದಲು ಅವರ ಕಿಟಕಿಯ ಪರದೆ ನೋಡುತ್ತೇನೆ. ನೋಡಿ ಸುಮ್ಮನಿದ್ದರೆ ಚಿಂತೆಯಿಲ್ಲ. ಅಂಚು ಹಿಡಿದು, ಮಡಿಕೆಗೆ ಎಷ್ಟು ಬಿಟ್ಟಿದ್ದಾರೆ, ನಿರಿಗೆ ಎಷ್ಟು ಹಿಡಿದಿದ್ದಾರೆ ಎಂದು ಬೆರಳಾಡಿಸಿಯೇ ಬಿಡುತ್ತೇನೆ. ಮೊನ್ನೆ ಚಿತ್ತಾಪುರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆವು. ಹೆಣ್ಣಿನ ತಂದೆ ಪಾಪ ನನ್ನೆದುರು ಕೈ ಮುಗಿದು ನಿಂತಿದ್ದರೆ, ನಾನು ಬಗ್ಗಿ ಅವರ ಪರದೆಯ ಕೆಳಗಿನ ಹೊಲಿಗೆ ಮಗುಚಿ ನೋಡುತ್ತಿದ್ದೆ. ಹಿಂದಿನಿಂದ ನನ್ನ ಹೆಂಡತಿ ಗಿರಿಜಾ ಅಂಗಿ ಜಗ್ಗಿದಳು. ಬಸ್ಸು ಹತ್ತಿದ ಮೇಲೆ ಅವಳು ಆಡಿದ್ದು ಒಂದೇ ಮಾತು.

"ಮಂದಿ ಹೆಣ್ಣು ನೋಡಾಕ ಹೋಗ್ತಾರ, ನೀವು ಅರಿವಿ ನೋಡಾಕ ಬಂದಂಗಾಯ್ತು."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅರಿವೆಯ ಲೆಕ್ಕದಲ್ಲಿ ಒಂದು ಸಲ ಚೆನ್ನಾಗಿ ಪೆಟ್ಟು ತಿಂದವನಿಗೆ ಮಂದಿಯ ಲೆಕ್ಕ ಹೇಗಿದೆ ಎಂದು ನೋಡುವ ಆಸೆ ಇದ್ದೇ ಇರುತ್ತದೆ. ಈ ಚಟ ಹತ್ತಿಸಿದ್ದು ನಮ್ಮ ಅಕ್ಕ ನೀಲಮ್ಮ. ಅಥವಾ ನಮ್ಮ ಮನೆಯ ಐದು ಕಿಟಕಿಗಳು. ಯಾವುದನ್ನು ಮೊದಲು ಹೇಳಬೇಕೋ ತಿಳಿಯದು, ಕಿಟಕಿಯಿಂದಲೇ ಶುರು ಮಾಡುತ್ತೇನೆ.

ನಾನು ಶಹಾಬಾದಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಅಳತೆಯ ಕೆಲಸ ಮಾಡಿ ನಿವೃತ್ತನಾದವನು. ಗಣಿಯಿಂದ ಲಾರಿಯಲ್ಲಿ ಹಾಸುಗಲ್ಲು ಬರುತ್ತದೆ, ನಾವು ಅದಕ್ಕೆ ಫರಸಿ ಎನ್ನುತ್ತೇವೆ. ಒಂದೊಂದು ಫರಸಿಯ ಉದ್ದ ಅಗಲ ಹಿಡಿದು, ಒಡೆದ ಮೂಲೆ ಕಳೆದು, ಸೀಳು ಬಿಟ್ಟ ಅಂಚು ಕಳೆದು, ಉಳಿದದ್ದು ಇಷ್ಟು ಚದರ ಅಡಿ ಎಂದು ಹೇಳುವುದು ನನ್ನ ಕೆಲಸ. ಹುಟ್ಟಿದಾಗಿನಿಂದ ಕಳೆಯುವ ಲೆಕ್ಕವನ್ನೇ ಮಾಡಿದ್ದೇನೋ ಎನ್ನುವಷ್ಟು ಅದು ನನ್ನ ಕೈಗೆ ಕೂತಿತ್ತು. ಮದುವೆ ಊಟದಲ್ಲಿ ಹೋಳಿಗೆ ಬಡಿಸಿದರೂ ಸುಟ್ಟ ಅಂಚನ್ನು ಕಣ್ಣಲ್ಲೇ ಕಳೆದು, ತಿನ್ನಲು ಸಿಗುವುದು ಇಷ್ಟು ಎಂದು ಅಳೆಯುತ್ತಿದ್ದೆ.

ನಮ್ಮ ಮನೆಯೂ ಫರಸಿಯದೇ. ಗೋಡೆ, ನೆಲ, ಮಾಳಿಗೆ, ಅಡುಗೆಕಟ್ಟೆ, ಬಚ್ಚಲ ಬಾಗಿಲ ಹೊಸ್ತಿಲು ಎಲ್ಲ ಅದೇ. ಕಾರ್ಖಾನೆಯಲ್ಲಿ ಯಾರಿಗೂ ಬೇಡವಾಗಿ ಉಳಿದ ಕಲ್ಲುಗಳನ್ನು ಅಗ್ಗಕ್ಕೆ ತಂದು ಕಟ್ಟಿಸಿದ್ದು. ಹಾಗೆ ಕಟ್ಟಿಸಿದ ಮನೆಯಲ್ಲಿ ಕಿಟಕಿಯ ಅಗಲ ಮನೆಯವರ ಇಷ್ಟದಂತೆ ಬರುವುದಿಲ್ಲ. ಗೌಂಡಿ ಆ ದಿನ ಸಿಕ್ಕ ಕಲ್ಲನ್ನು ಮೇಲೆ ಅಡ್ಡ ಹಾಕುತ್ತಾನೆ. ಕಲ್ಲು ಎಷ್ಟು ಉದ್ದವೋ ಕಿಟಕಿ ಅಷ್ಟು ಅಗಲ. ಅಡುಗೆಮನೆಯ ಕಿಟಕಿಗೆ ಇಡಲೆಂದು ತಂದ ಕಲ್ಲು ಇಳಿಸುವಾಗ ನಡುವೆ ಮುರಿದು ಎರಡಾಯಿತು. ಗೌಂಡಿ ಬೀಡಿ ಸೇದುತ್ತ ಸ್ವಲ್ಪ ಹೊತ್ತು ನೋಡಿ, ದೊಡ್ಡ ತುಂಡನ್ನೇ ಎತ್ತಿ ಇಟ್ಟ. ಗಿರಿಜಾ ಇವತ್ತಿಗೂ ಆ ಕಿಟಕಿಯನ್ನು ಟಪಾಲ ಡಬ್ಬಿ ಎಂದೇ ಕರೆಯುತ್ತಾಳೆ. ಮಲಗುವ ಕೋಣೆಯದ್ದು ಅದಕ್ಕೆ ತದ್ವಿರುದ್ಧ, ಅಂಗಡಿಯ ಬಾಗಿಲಿನಷ್ಟು ಅಗಲ. ಐದು ಕಿಟಕಿಯಲ್ಲಿ ಒಂದರ ಹಾಗೆ ಇನ್ನೊಂದಿಲ್ಲ.

ಇಷ್ಟು ವರ್ಷ ಯಾವುದಕ್ಕೂ ಪರದೆ ಇರಲಿಲ್ಲ. ಕಲ್ಲಿನ ಧೂಳು ಹಾರುವ ಊರಿನಲ್ಲಿ ಏನು ತೂಗುಹಾಕಿದರೂ ತಿಂಗಳೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿಕೊಂಡು ಸುಖವಾಗಿದ್ದೆವು. ಹಲ್ಲುಜ್ಜುತ್ತ ನಿಂತಾಗ ಎಂದೋ ಮುಗಿದ ಕ್ರಿಕೆಟ್ ಪಂದ್ಯದ ಸುದ್ದಿ ಓದುವುದು ನನಗೆ ರೂಢಿಯಾಗಿತ್ತು.

ಹೋದ ಶ್ರಾವಣದಲ್ಲಿ ಅಕ್ಕ ಪಂಚಮಿಗೆಂದು ಬಂದಳು. ಅವಳ ಗಂಡನ ಮನೆ ಚಿಂಚೋಳಿ ಕಡೆಯ ಚಿಮ್ಮನಚೋಡ. ಮಾವ, ಅಂದರೆ ಅಕ್ಕನ ಗಂಡ, ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿಲ್ಲ, ಮೈದುನನ ಮಕ್ಕಳು ಹೊಲಮನೆ ನೋಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬಂದು ಉಂಡಿ ತಿಂದು, ಎಂಟು ದಿನ ಇದ್ದು ಹೋಗುವುದು ನಮ್ಮಲ್ಲಿ ವಾಡಿಕೆ. ಅಕ್ಕನ ಎಂಟು ದಿನ ಮುಗಿಯಿತು. ಗಣಪತಿ ಬಂದು ಹೋದ, ದಸರೆಯ ಬನ್ನಿಯನ್ನೂ ಕೊಟ್ಟು ತಗೊಂಡಾಯಿತು. ಅಕ್ಕ ಇಲ್ಲೇ ಇದ್ದಳು. ಆದರೆ ಇದ್ದಳು ಎಂದು ಹೇಳುವ ಹಾಗೂ ಇರಲಿಲ್ಲ. ಮುಂದಿನ ಕೋಣೆಯ ಕಪಾಟಿನಲ್ಲಿ ಗಿರಿಜಾ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದಳು, ಅಕ್ಕ ಅದರಲ್ಲಿ ಒಂದು ಕರವಸ್ತ್ರವನ್ನೂ ಇಡಲಿಲ್ಲ. ಒಗೆದು ಒಣಗಿದ ಸೀರೆ ನೇರ ಅವಳು ಊರಿನಿಂದ ತಂದ ಚೀಲಕ್ಕೆ ಹೋಗುತ್ತಿತ್ತು. ದಿನಾ ಬೆಳಿಗ್ಗೆ ನೋಡಿದರೆ ಇವತ್ತು ಬಸ್ಸಿಗೆ ಹೊರಟವಳ ಹಾಗೆಯೇ ಇರುತ್ತಿದ್ದಳು.

ನನಗೆ ಬೇಕಾಗಿದ್ದದ್ದು ಒಂದೇ. ಅಕ್ಕ ಇನ್ನು ಮುಂದೆ ನಮ್ಮ ಮನೆಯಲ್ಲೇ ಇರಬೇಕು. ಗಿರಿಜಾಗೂ ಅದೇ ಬೇಕಾಗಿತ್ತು. ಅವಳು ವಾಡಿಯ ಶಾಲೆಯಲ್ಲಿ ಪಾಠ ಹೇಳಿ ಸಂಜೆ ರೈಲು ಇಳಿದು ಬರುವಷ್ಟರಲ್ಲಿ ಮನೆಯಲ್ಲಿ ಚಹಾಕ್ಕೆ ನೀರು ಕುದಿಯುವ ಸುಖವನ್ನು ಅವಳು ಮೊದಲ ಸಲ ಕಂಡಿದ್ದಳು. ಹಾಗಿದ್ದರೆ ಅಕ್ಕನಿಗೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಹೇಗೆ? ತವರಿಗೆ ಬಂದ ಹೆಣ್ಣುಮಗಳನ್ನು ಎಷ್ಟು ದಿನ ಇರುತ್ತೀ ಎಂದು ಕೇಳಿದರೆ, ಯಾವಾಗ ಹೋಗುತ್ತೀ ಎಂದು ಕೇಳಿದ ಹಾಗೆ. ಇಲ್ಲೇ ಇದ್ದುಬಿಡು ಎಂದರೆ, ಗಂಡನ ಮನೆಯಲ್ಲಿ ಇನ್ನು ನಿನಗೆ ಜಾಗವಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಎರಡೂ ಮಾತನ್ನು ಆಡಲಾರದೆ ನಾನು ಮಳೆ, ಮೊಣಕಾಲು, ಮೆಂತ್ಯದ ರೇಟು ಇವುಗಳನ್ನೇ ಮಾತಾಡಿಕೊಂಡಿದ್ದೆ.

ಮುಂದಿನ ಕೋಣೆಯ ಕಿಟಕಿ ರಸ್ತೆಗೆ ಮುಖ ಮಾಡಿದೆ. ಕಿಟಕಿಗೆ ತಾಗಿ ಅಕ್ಕನ ಹಾಸಿಗೆ. ಅಕ್ಕ ಮಧ್ಯಾಹ್ನ ಸ್ವಲ್ಪ ಅಡ್ಡಾಗಲಿ ಎಂದು ಅಂಟಿಸಿದ ಪತ್ರಿಕೆ ಕಿತ್ತು ಗಾಳಿಗೆ ತೆರೆದುಕೊಟ್ಟಿದ್ದೆ. ಗಾಳಿಯ ಜೊತೆಗೆ ಊರೂ ಒಳಗೆ ಬಂತು. ಕಾಯಿಪಲ್ಯೆ ಮಾರುವವಳು ಮಲಗಿದ ಅಕ್ಕನಿಗೆ ಸೌತೆಕಾಯಿ ತೋರಿಸಿ ಕರೆಯುತ್ತಿದ್ದಳು. ಅಕ್ಕ ಎದ್ದು ಕೂತು ಬೇಡವೆಂದು ಕೈ ಆಡಿಸುತ್ತಿದ್ದಳು. ರಾತ್ರಿ ಮಲಗುವಾಗ ಚೀಲದಿಂದ ಒಂದು ಸೀರೆ ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸುವುದು, ಬೆಳಿಗ್ಗೆ ಎದ್ದ ಕೂಡಲೆ ತೆಗೆದು ಮಡಚಿ ಮತ್ತೆ ಚೀಲಕ್ಕೆ ಹಾಕುವುದು, ಹೀಗೆ ಮಾಡಿಕೊಂಡಿದ್ದಳು. ಅವಳು ಆ ಸೀರೆ ಮಡಚುವ ಹೊತ್ತಿಗೆ ನಾನು ಹಾಲು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ.

ಆಗ ಹೊಳೆದದ್ದು ಪರದೆಯ ಉಪಾಯ. ಅವಳ ಕೋಣೆಗೊಂದಕ್ಕೇ ಪರದೆ ಹಾಕಿದರೆ, ನನ್ನ ಸಲುವಾಗಿ ಇವರಿಗೆ ತ್ರಾಸು ಎಂದು ಚೀಲ ಎತ್ತುವ ಪೈಕಿ ಅಕ್ಕ. ಐದೂ ಕಿಟಕಿಗೆ ಹಾಕಿದರೆ ಅವಳದ್ದು ಅದರಲ್ಲಿ ಸೇರಿಹೋಗುತ್ತದೆ. ಮನೆಯಲ್ಲಿ ಹೊಲಿಗೆ ಮಷೀನು ಹೇಗೂ ಇದೆ. ಅಕ್ಕನ ಕೈಗೂ ಕೆಲಸ, ಕಿಟಕಿಗೂ ಬಟ್ಟೆ. ಇಷ್ಟು ಜಾಣತನ ನನ್ನಲ್ಲಿ ಇತ್ತೇ ಎಂದು ನನಗೇ ಹೆಮ್ಮೆಯಾಯಿತು.

ಮರುದಿನ ಐದೂ ಕಿಟಕಿ ಅಳೆದೆ. ಉದ್ದ ಅಗಲ ಹಿಡಿದು, ಚೌಕಟ್ಟಿನ ಕಟ್ಟಿಗೆ ಕಳೆದು, ಕೆಳಗೆ ಕಲ್ಲು ಮುಂದೆ ಚಾಚಿದ್ದು ಕಳೆದು, ಎಲ್ಲ ಕೂಡಿಸಿಕೊಂಡು ಬಜಾರಿಗೆ ಹೋದೆ. ಬಟ್ಟೆ ಅಂಗಡಿಯ ಖಾಜಾಭಾಯಿ ಪರಿಚಯದವನು, ನನಗಿಂತ ಚಿಕ್ಕವನು. ಎಲೆಹಸಿರು ಬಣ್ಣದಲ್ಲಿ ಸಣ್ಣ ಬಿಳಿ ಹೂವಿದ್ದ ಥಾನು ತೋರಿಸಿ ಹೇಳಿದೆ, "ಇದರಾಗ ಐವತ್ತೆಂಟು ಚದರ ಅಡಿ ಕೊಡು."

ಖಾಜಾಭಾಯಿ ಗಜಕಡ್ಡಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. "ಕಾಕಾ, ನಾ ಅರಿವಿ ಮಾರಾಂವ್ರಿ, ಪ್ಲಾಟ್ ಮಾರಾಂವಲ್ಲ."

ಅಂಗಡಿಯಲ್ಲಿದ್ದವರು ನಕ್ಕರು, ನಾನೂ ನಕ್ಕೆ. ನಂತರ ಇಬ್ಬರೂ ಕೂತು ಪನ್ನಾ ಲೆಕ್ಕಕ್ಕೆ ತೆಗೆದುಕೊಂಡೆವು. ಥಾನಿನ ಅಗಲಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಅಗಲದಲ್ಲಿ ಐವತ್ತೆಂಟು ಅಡಿ ಹೇಗೆ ಕೂರುತ್ತದೋ ಅಷ್ಟನ್ನು ಮೀಟರಿಗೆ ತಿರುಗಿಸಿ ಕೊಟ್ಟ. ಕೊಡುವ ಮೊದಲು, "ಇದು ಕಮ್ಮಿ ಬೀಳ್ತದ ಕಾಕಾ" ಎಂದು ಎರಡು ಸಲ ಹೇಳಿದ. ಅಳತೆಯ ಕೆಲಸದಲ್ಲಿ ತಲೆ ಹಣ್ಣಾದ ನನಗೆ ಇವನೇನು ಹೇಳುವುದು ಎಂದುಕೊಂಡು ಗಂಟು ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಮನೆಗೆ ಬಂದು ಮಲಗುವ ಕೋಣೆಯ ಕಿಟಕಿಗೆ ಅದರ ಪಾಲಿನಷ್ಟು ಬಟ್ಟೆ ಬಿಚ್ಚಿ ಹಿಡಿದು ತೋರಿಸಿದೆ. ಆ ಅಂಚಿನಿಂದ ಈ ಅಂಚಿಗೆ ಸರಿಯಾಗಿ ಕೂತಿತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನೋಡಿ ಸೆರಗು ಬಾಯಿಗೆ ಹಿಡಿದುಕೊಂಡಳು.

"ತಮ್ಮಾ, ನಿರಿಗಿ ಎಲ್ಲದ? ಮಡಿಚಿ ಹೊಲ್ಯಾಕ ಎಲ್ಲದ? ಕಿಡಕಿಗಿ ಫರಸಿ ಹಚ್ಚಿದಂಗ ಕಾಣ್ತದಲ್ಲೋ."

ಅವಳು ಹಾಗೆ ನಕ್ಕದ್ದು ಮಾವ ತೀರಿಕೊಂಡ ಮೇಲೆ ಅದೇ ಮೊದಲು. ಅದಕ್ಕಾಗಿ ಇನ್ನೊಂದು ಸಲ ತಪ್ಪು ಅಳೆದು ತರಲಿಕ್ಕೂ ನಾನು ತಯಾರಿದ್ದೆ.

ಬಟ್ಟೆ ಒಂದೇ ತುಂಡಾಗಿ ಇದ್ದದ್ದರಿಂದ ವಾಪಸು ಕೊಡಬಹುದಿತ್ತು. ಸಂಜೆ ಗಿರಿಜಾ ಬಂದ ಮೇಲೆ ಚಹಾ ಕುಡಿಯುತ್ತ ಹೊಸ ಲೆಕ್ಕ ಶುರುವಾಯಿತು. ಕಿಟಕಿಯ ಅಗಲಕ್ಕೆ ಮೂರು ಪಟ್ಟು ಬೇಕು ಎಂದು ಖಾಜಾಭಾಯಿ ಹೇಳಿದ್ದ, ಅವನು ಮಾರುವವನು. ಒಂದೂವರೆ ಪಟ್ಟು ಸಾಕು ಎಂದಳು ಗಿರಿಜಾ, ಅವಳು ಒಗೆಯುವವಳು. ಅಕ್ಕ ಯಾರ ಮಾತನ್ನೂ ಕೇಳದೆ ಎದ್ದು ಹೋಗಿ ಒಂದೊಂದೇ ಕಿಟಕಿಗೆ ಮೊಣಕೈ ಊರಿ ಮೊಳ ಹಾಕಿ ಬಂದಳು. ಮುಂದಿನ ಕೋಣೆಗೆ ಮಾತ್ರ ಹೋಗಲಿಲ್ಲ.

"ಎರಡು ಪಟ್ಟು ಹಿಡಿ. ಮ್ಯಾಲ ಸರಳಿಗಿ ಒಂದ ಚೋಟು, ತೆಳಗ ಮಡಚಾಕ ಒಂದ ಗೇಣು. ನಾಕ ಕಿಡಕಿಗಿ ಲೆಕ್ಕ ಮಾಡು."

"ಐದು ಅವಲ್ಲ ಅಕ್ಕಾ."

"ಮುಂದಿಂದು ಬ್ಯಾಡ. ನನಗ್ಯಾಕ ಪರದಾ? ನಾ ಇವತ್ತೋ ನಾಳಿನೋ ಹೋಗಾಕಿ."

"ಹೋದ್ರ ಹೋಗ್ರಿ ಅಕ್ಕಾರ, ಕಿಡಕಿ ಎಲ್ಲಿ ಹೋಗ್ತದ? ಅದಕ್ಕೊಂದು ಇರ್ಲಿ ಬಿಡ್ರಿ" ಎಂದಳು ಗಿರಿಜಾ.

"ಧೂಳ ಕುಡಿಯಾಕ ಅರಿವಿ ಯಾಕ ಹಾಳ ಮಾಡ್ತಿ" ಎಂದು ಅಕ್ಕ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು. ನನ್ನ ಉಪಾಯ ಅವಳಿಗೆ ಮೊದಲ ದಿನವೇ ತಿಳಿದಿತ್ತು.

ಆದರೂ ನಾನು ಮೊದಲಿನ ತುಂಡು ವಾಪಸು ಕೊಟ್ಟು, ಐದಕ್ಕೂ ಆಗುವಷ್ಟು ತಂದೆ. ಅಕ್ಕ ಬಟ್ಟೆ ನೆಲಕ್ಕೆ ಹಾಸಿ, ಮೊಳ ಹಾಕುತ್ತ ಹಾಕುತ್ತ ಕೊನೆಗೆ ಬಂದು ನಿಂತು ನನ್ನನ್ನು ನೋಡಿದಳು. "ಇದು ಹೆಚ್ಚಾಯ್ತಲ್ಲೋ."

"ನೀರಿಗಿ ಹಾಕಿದ್ರ ಗಿಡ್ಡ ಆಗ್ತದಂತ ಭಾಯಿ ಅಂದ. ಅದಕ್ಕ ಹೆಚ್ಚಿಗಿ ತಂದೀನಿ."

ಅಕ್ಕ ತಲೆ ಅಲ್ಲಾಡಿಸಿ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು. ಮರುದಿನ ಒಣಗಿದ ಮೇಲೆ ಮತ್ತೆ ಹಾಸಿ ಮೊಳ ಹಾಕಿದಳು. ಆ ಹಟಮಾರಿ ಬಟ್ಟೆ ಒಂದು ಬೆರಳಿನಷ್ಟೂ ಕುಗ್ಗಿರಲಿಲ್ಲ. ಅಕ್ಕ ಕತ್ತರಿ ಕೇಳಿದಳು.

ನಮ್ಮದು ಕೈ ಮಷೀನು. ಒಬ್ಬರು ಬಲಗಡೆಯ ಹಿಡಿ ತಿರುಗಿಸಿದರೆ, ಹೊಲಿಯುವವರು ಎರಡೂ ಕೈಯಿಂದ ಬಟ್ಟೆ ನಡೆಸಬಹುದು. ಈ ತಿರುಗಿಸುವ ಕೆಲಸದಲ್ಲಿ ನನಗೆ ಸಣ್ಣಂದಿನ ಅನುಭವವಿತ್ತು. ನಾವು ಹುಟ್ಟಿ ಬೆಳೆದದ್ದು ಸೇಡಂ ಹತ್ತಿರದ ಕುರಕುಂಟಾದಲ್ಲಿ. ಅಪ್ಪ ವರ್ಷಕ್ಕೊಮ್ಮೆ ಸೇಡಂ ಬಜಾರಿನಿಂದ ಒಂದು ಇಡೀ ಥಾನು ತರುತ್ತಿದ್ದ. ನನ್ನ ಅಂಗಿ, ಅಕ್ಕನ ಪರಕರ, ತಲೆದಿಂಬಿನ ಗವಸು, ಅವ್ವ ಹೊಲಕ್ಕೆ ಒಯ್ಯುವ ಬುತ್ತಿಯ ಚೀಲ, ಎಲ್ಲಕ್ಕೂ ಅದೇ ಥಾನು. ನಾನು ದಿಂಬಿಗೆ ಒರಗಿ ಕೂತರೆ ಹುಡುಗ ಎಲ್ಲಿ ಮುಗಿದು ದಿಂಬು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಿತ್ತು. ಮಷೀನು ಇದ್ದದ್ದು ಪಕ್ಕದ ಮನೆಯ ಮೆಹಬೂಬಿ ಖಾಲಾಳ ಹತ್ತಿರ. ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಅಕ್ಕ ಹೊಲಿಯಲು ಕೂರುತ್ತಿದ್ದಳು, ನಾನು ಹಿಡಿ ತಿರುಗಿಸಲು. ಖಾಲಾ ಕೊಡುವ ಶೇಂಗಾ ಬೆಲ್ಲದ ಆಸೆಗೆ ನಾನು ಜೋರಾಗಿ ತಿರುಗಿಸುತ್ತಿದ್ದೆ, ಬೇಗ ಮುಗಿಯಲಿ ಎಂದು. ಹೊಲಿಗೆ ಅಡ್ಡಾದಿಡ್ಡಿ ಓಡುತ್ತಿತ್ತು. ಅಕ್ಕ ತಲೆಗೊಂದು ಮೊಟಕಿ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಅವ್ವ ದಿನವೆಲ್ಲ ಹೊಲದಲ್ಲಿ. ನನಗೆ ನೀರು ಹಾಕಿದವಳು, ಉಣಿಸಿದವಳು, ಶಾಲೆಗೆ ಎಳೆದೊಯ್ದವಳು ಅಕ್ಕ. ಅವಳ ಮದುವೆಯಲ್ಲಿ ನಾನು ಸಣ್ಣವನು. ಮದುಮಕ್ಕಳ ನಡುವೆ ಇಬ್ಬರು ಒಂದು ಬಿಳಿಯ ಧೋತರ ಅಡ್ಡ ಹಿಡಿದಿದ್ದರು. ನಾನು ಕಂಡ ಮೊದಲನೆಯ ಪರದೆ ಅದು. ಧೋತರದ ಆ ಕಡೆ ಅಕ್ಕ ಇದ್ದಳು. ಅಕ್ಕಿಕಾಳು ಬಿದ್ದು ಧೋತರ ತೆಗೆದಾಗ ಮಂದಿಯೆಲ್ಲ ನುಗ್ಗಿದರು, ನನಗೆ ಅವಳ ಮುಖ ಕಾಣಲಿಲ್ಲ. ಸಂಜೆ ನೋಡಿದರೆ ಅವಳು ಚಿಮ್ಮನಚೋಡದ ಬಂಡಿಯಲ್ಲಿ ಕೂತಿದ್ದಳು. ನಾನು ಬಂಡಿಯ ಹಿಂದೆ ಊರ ಹೊರಗಿನ ಹಳ್ಳದವರೆಗೆ ಓಡಿದೆನಂತೆ. ನನಗೆ ಓಡಿದ್ದು ನೆನಪಿಲ್ಲ, ಆ ಮೇಲೆ ಬಹಳ ದಿನ ಯಾರ ಕೈಯಿಂದಲೂ ಉಣ್ಣಲಿಲ್ಲ ಎನ್ನುವುದು ನೆನಪಿದೆ.

ಈಗ ಮತ್ತೆ ಅಕ್ಕ ಹೊಲಿಯುತ್ತಿದ್ದಳು, ಮತ್ತೆ ನಾನು ತಿರುಗಿಸುತ್ತಿದ್ದೆ. ಈ ಸಲ ಬೇಗ ಮುಗಿಯದಿರಲಿ ಎಂದು ನಿಧಾನ ತಿರುಗಿಸುತ್ತಿದ್ದೆ. ಮೂರನೆಯ ಪರದೆಯ ಅಂಚು ಹೊಲಿಯುವಾಗ ಧೈರ್ಯ ತಂದುಕೊಂಡು "ಅಕ್ಕಾ" ಎಂದೆ.

"ಏನು?"

"ಏನಿಲ್ಲ."

"ಏನಿಲ್ಲಂದ್ರ ತಿರುವು, ನಿಂದರಬ್ಯಾಡ."

ಸ್ವಲ್ಪ ದೂರ ಹೊಲಿದು ಅವಳೇ ಮಾತು ತೆಗೆದಳು, ಸೂಜಿಯ ಮೇಲಿನ ಕಣ್ಣು ಎತ್ತದೆ. "ಊರಾಗ ನನ್ನ ಖೋಲ್ಯಾಗ ಹುಡುಗರು ಗೊಬ್ಬರದ ಚೀಲ ಇಟ್ಟಾರ. ಅವರದೇನೂ ತಪ್ಪಿಲ್ಲ, ಮಳಿ ಬಂತು, ಜಾಗಾ ಇರ್ಲಿಲ್ಲ. ಇಲ್ಲಿ ನೀವಿಬ್ಬರೂ ಭಾಳ ಚಂದ ನೋಡ್ಕೋತೀರಿ, ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ನನ್ನ ಜಾಗದಾಗ ಚೀಲ ಕುಂತಾವ, ಇಲ್ಲಿ ನಾನೇ ಚೀಲ ಇಟ್ಟಂಗ ಕುಂತೀನಿ."

ನನ್ನ ಕೈ ನಿಂತುಹೋಯಿತು. ಇದು ನಿನ್ನ ಮನೆಯೇ ಅಕ್ಕಾ ಎನ್ನಬಹುದಿತ್ತು. ಆದರೆ ಆ ಮಾತನ್ನು ಎಲ್ಲ ತಮ್ಮಂದಿರೂ ಎಲ್ಲ ಅಕ್ಕಂದಿರಿಗೂ ಹೇಳುತ್ತಾರೆ. ಕೇಳಿದವರು ಹೌದು ಹೌದು ಎನ್ನುತ್ತಾರೆ, ಚೀಲ ಮಾತ್ರ ಬಿಚ್ಚುವುದಿಲ್ಲ. ನಾನು ಮತ್ತೆ ಹಿಡಿ ತಿರುಗಿಸಿದೆ.

ನಾಲ್ಕು ಪರದೆ ಆದವು. ಟಪಾಲ ಡಬ್ಬಿಗೂ ಒಂದು ಪುಟ್ಟ ಪರದೆ ಬಂತು. ಐದನೆಯ ಕಿಟಕಿಯ ಬಟ್ಟೆ ಮಡಚಿದ ಹಾಗೇ ಉಳಿಯಿತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅಕ್ಕನಿಗೂ ನನಗೂ ಇರುಸುಮುರುಸು. ಕೊನೆಗೆ ಅಕ್ಕನೇ ಅದಕ್ಕೆ ದಾರಿ ತೋರಿಸಿದಳು. ಫ್ರಿಜ್ಜಿನ ತಲೆಗೆ ಒಂದು ಹೊದಿಕೆ, ಮಿಕ್ಸರಿಗೆ ಒಂದು, ಟೀವಿಗೆ ಒಂದು, ಹೊಲಿದ ಮಷೀನಿಗೇ ಒಂದು. ಮನೆಯೆಲ್ಲ ಎಲೆಹಸಿರಿನಲ್ಲಿ ಬಿಳಿ ಹೂವು. ಮುಂದಿನ ಕೋಣೆಯಲ್ಲಿ ಮಾತ್ರ ರಾತ್ರಿ ಸೀರೆ ಏರುವುದು, ಬೆಳಿಗ್ಗೆ ಇಳಿಯುವುದು ನಡೆದೇ ಇತ್ತು.

ತೊಗರಿ ರಾಶಿಯ ಹೊತ್ತಿಗೆ ಅಕ್ಕನ ಮೈದುನನ ಮಗ ಶರಣಪ್ಪ ಬಂದ. ಸಂಭಾವಿತ ಹುಡುಗ. ಚಹಾ ಕುಡಿದು, ತಲೆ ಕೆಳಗೆ ಹಾಕಿ, "ರಾಶಿ ಹಾಕಾಕತ್ತೀವಿ ದೊಡ್ಡವ್ವ, ಮನ್ಯಾಗಿನ ಹಿರಿಯಾಕಿ ನೀ, ಬಂದು ನಿಂದರಬೇಕು" ಎಂದ. ಅಕ್ಕ ಅವತ್ತೇ ಹೊರಟಳು. ಹೊರಡುವುದಕ್ಕೆ ಏನು ತಯಾರಿ ಬೇಕು, ಚೀಲ ತುಂಬಿಯೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಶರಣಪ್ಪ ಸೀಟು ಹಿಡಿಯಲು ಹತ್ತಿದ. ಅಕ್ಕ ನನ್ನ ಕೆನ್ನೆ ಮುಟ್ಟಿ, "ಬಿಪಿ ಗುಳಗಿ ಮರೀಬ್ಯಾಡ" ಎಂದಳು. ಮತ್ತೆ ಯಾವಾಗ ಬರುತ್ತೀ ಎಂದು ಕೇಳಬೇಕೆಂದಿದ್ದೆ. "ಕಿಡಕಿ ಬಾಜೂ ಕೂಡು, ಉಬ್ಬಳಿಕಿ ಬರಲ್ಲ" ಎಂದಷ್ಟೇ ಹೇಳಿದೆ.

ಮನೆಗೆ ಬಂದ ಮೇಲೆ ಗಿರಿಜಾ ತಾನೇ ಚಹಾಕ್ಕೆ ನೀರಿಟ್ಟಳು. ಆ ಮೇಲೆ, "ಕೇಳಬೇಕಾಗಿತ್ರೀ ನೀವು, ಒಂದ ಸಲ ಬಾಯಿ ತೆಗೆದು ಕೇಳಬೇಕಾಗಿತ್ತು" ಎಂದಳು. ಅಕ್ಕ ಹೋದಳು, ಇನ್ನು ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗುವ ಅತಿಥಿಯಾದಳು ಎಂದೇ ನಾನು ನಂಬಿದೆ. ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇರುತ್ತಿದ್ದೆ. ಮುಂದಿನ ಕೋಣೆಗೆ ಹೋಗುವುದನ್ನು ಬಿಟ್ಟುಬಿಟ್ಟೆ. ಕಾಯಿಪಲ್ಯೆಯವಳು ಖಾಲಿ ಹಾಸಿಗೆಗೆ ಒಮ್ಮೆ ಕೂಗಿ, "ಅಮ್ಮಾರ ಊರಿಗಿ ಹೋದ್ರೇನ್ರಿ?" ಎಂದು ಕೇಳಿ ಮುಂದೆ ಹೋದಳು.

ಸಂಕ್ರಾಂತಿ ಕಳೆದಿತ್ತು. ಊಟ ಮಾಡಿ ಕೈ ತೊಳೆಯುತ್ತಿದ್ದಾಗ ಅಕ್ಕನ ಫೋನು ಬಂತು. ಹಿಂದೆ ಬಜಾರದ ಗದ್ದಲ. ಯಾರೋ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು.

"ತಮ್ಮಾ, ನಾ ಚಿಂಚೋಳ್ಯಾಗ ಅರಿವಿ ಅಂಗಡ್ಯಾಗ ನಿಂತೀನಿ. ನನ್ನ ಕಿಡಕಿ ಅಳತಿ ಹೇಳು."

ಚಿಮ್ಮನಚೋಡದ ಅವಳ ಕೋಣೆಯಿಂದ ಗೊಬ್ಬರದ ಚೀಲ ತೆಗೆದಿರಬೇಕು, ಅಲ್ಲಿಗೆ ಪರದೆ ಹಾಕುತ್ತಾಳೆ ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. "ಊರಿನ ಕಿಡಕಿ ಅಳತಿ ನನಗ ಹ್ಯಾಂಗ ಗೊತ್ತಕ್ಕಾ?"

"ಊರಿಂದು ಯಾರ ಕೇಳಾಕತ್ತಾರೋ. ನನ್ನ ಕಿಡಕಿ. ಅಲ್ಲಿದು. ರಸ್ತಾದ ಕಡಿದು, ನನ್ನ ಹಾಸಿಗಿ ಬಾಜೂಕಿಂದು."

ಆ ಅಳತೆ ನನಗೆ ಬಾಯಿಪಾಠವಾಗಿತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೂ ಬಹಳ ದಿನದ ಮೇಲೆ ಮುಂದಿನ ಕೋಣೆಯ ಬಾಗಿಲು ತೆರೆದು ಒಳಗೆ ಹೋದೆ, ಕಿಟಕಿಯ ಎದುರು ನಿಂತೆ.

"ಅಕ್ಕಾ, ಮನ್ಯಾಗ ಅದೇ ಅರಿವಿ ಅದಲ್ಲ, ಗಿರಿಜಾಗ ಹೇಳಿ ಫ್ರಿಜ್ ಮ್ಯಾಲಿಂದು ಎಲ್ಲ ಬಿಚ್ಚಿಸ್ತೀನಿ. ನೀ ಬಾ ಸಾಕು."

"ಅದು ನೀ ತಂದಿದ್ದು, ಅದು ಅಲ್ಲೇ ಇರ್ಲಿ. ನನ್ನ ಪಾಲಿನ ತೊಗರಿ ಬಂದದ. ನನ್ನ ಕಿಡಕಿಗಿ ನಂದೇ ಅರಿವಿ ಹಾಕ್ತೀನಿ. ಲಗೂನ ಹೇಳು, ಅಂಗಡ್ಯಾವ ಕತ್ರಿ ಹಿಡಕೊಂಡು ನಿಂತಾನ."

ಹೇಳಿದೆ. ಕಣ್ಣಲ್ಲಿ ನೀರು ಬಂದು ಕಿಟಕಿಯ ಸರಳುಗಳು ಒಂದಕ್ಕೆರಡಾಗಿ ಕಾಣುತ್ತಿದ್ದವು. ಅಕ್ಕ ಅಂಗಡಿಯವನಿಗೆ ಜೋರಾಗಿ ಅದನ್ನೇ ತಿರುಗಿ ಹೇಳಿದಳು, ಆ ಮೇಲೆ ನನಗೆ ಕೇಳಿದಳು.

"ನಿರಿಗಿ ಹಿಡದು ಹೇಳಿದೇನ?"

"ಹಿಡದು ಹೇಳೀನಿ ಅಕ್ಕಾ."

"ಹಂಗಾದ್ರ ಸರಿ. ಸೋಮವಾರ ಮಧ್ಯಾಹ್ನದ ಬಸ್ಸಿಗಿ ಸ್ಟ್ಯಾಂಡಿಗಿ ಬಾ. ಟ್ರಂಕು ತರಾಕತ್ತೀನಿ. ಭಾಳ ವಜ್ಜ ಅದ, ನನ್ನಿಂದ ಒಬ್ಬಾಕಿಯಿಂದ ಇಳಸಾಕ ಆಗಂಗಿಲ್ಲ."

ಫೋನು ಕಟ್ಟಾಯಿತು. ಗಿರಿಜಾ ಶಾಲೆಯಿಂದ ಬರುವವರೆಗೆ ನಾನು ಆ ಕೋಣೆಯಲ್ಲೇ ಕೂತಿದ್ದೆ, ಟ್ರಂಕು ಎಲ್ಲಿ ಇಟ್ಟರೆ ಅಕ್ಕನಿಗೆ ಬಗ್ಗಲು ಅನುಕೂಲವಾದೀತು ಎಂದು ನೋಡುತ್ತ.